ಒಂದು ತಾಸಿನ ಆಯ

ಶೇಕಡಾ ಅರವತ್ತೊಂದಕ್ಕೆ ಬಂದು ನಿಂತಿತು. ಕಳಕೇಶ ಉಸಿರು ಬಿಗಿಹಿಡಿದು ಲ್ಯಾಪ್‌ಟಾಪಿನ ಪರದೆಯನ್ನೇ ನೋಡಿದ. ಹಸಿರು ಪಟ್ಟಿ ಅಲುಗಲಿಲ್ಲ. ಕಿವಿಯ ಮೇಲೆ ಸಿಕ್ಕಿಸಿದ್ದ ಪೆನ್ಸಿಲ್ ಜಾರಿ ಕೆಳಗೆ ಬಿದ್ದರೂ ಬಗ್ಗಿ ಎತ್ತಿಕೊಳ್ಳಲಿಲ್ಲ. ತಾನು ಅಲುಗಿದರೆ ಎಲ್ಲಿ ಅದು ಕಡಿದುಹೋಗುತ್ತದೋ ಎಂಬಂತೆ ಕೂತಿದ್ದ. ಕಡಿದೇ ಹೋಯಿತು. ಪಟ್ಟಿ ಮಾಯವಾಗಿ ಕೆಂಪಕ್ಷರದ ಎರಡು ಸಾಲು ಇಂಗ್ಲಿಷ್ ಬಂತು. ಎಂಟನೆಯ ಇಯತ್ತೆಗೆ ಸಾಲಿ ಬಿಟ್ಟವನು ಇಂಗ್ಲಿಷನ್ನು ಒಂದೊಂದೇ ಅಕ್ಷರ ಕೂಡಿಸಿ ಓದಬೇಕು. ಆದರೆ ಈ ಎರಡು ಸಾಲು ಅವನಿಗೆ ಬಾಯಿಪಾಠವಾಗಿದ್ದವು. ಸಂಪರ್ಕ ಕಡಿದಿದೆ, ಮೊದಲಿನಿಂದ ಶುರುಮಾಡಿ.

"ನಿನ್ನ ಹೆಣಾ ಎತ್ಲಿ!" ಎಂದವನೇ ಕೈಗೆ ಸಿಕ್ಕ ಉಳಿಯನ್ನು ಬೀಸಿ ಒಗೆದ. ಅದು ತಗಡಿನ ಗೋಡೆಗೆ ಬಡಿದ ಸದ್ದಿಗೆ ಒಳಮನೆಯಿಂದ ಅಜ್ಜಿ ಅಡಿವೆವ್ವ ಬಂದಳು. ಕೈಯೆಲ್ಲ ಸಜ್ಜೆಯ ಹಿಟ್ಟು.

"ಉಳಿ ಒಗದೇನ್ಲೇ?" ಅವಳು ಉಳಿಯನ್ನು ಎತ್ತಿ ಸೆರಗಿನಿಂದ ಒರೆಸಿ ಕಣ್ಣಿಗೊತ್ತಿಕೊಂಡಳು. "ನಿಮ್ಮಜ್ಜ ಇದ್ದಿದ್ರ ಇವತ್ತ ನಿನಗ ಕೂಳ ಹಾಕ್ತಿದ್ದಿಲ್ಲ."

"ಐದನೇ ಸಲ ಆತಬೇ ಆಯಿ! ಐದನೇ ಸಲ!"

"ಆರನೇ ಸಲ ಹಚ್ಚು. ನಿನ್ನ ಕಂಪ್ಯೂಟರ್ ಮಾಡಿದ ತಪ್ಪಿಗೆ ಉಳಿಗ್ಯಾಕ ಶಿಕ್ಷಾ?"

ಆರನೇ ಸಲ ಹಚ್ಚುವುದೇನು ದೊಡ್ಡ ಮಾತಲ್ಲ. ಹನ್ನೆರಡು ಜಿಬಿ ಇಳಿಯಬೇಕಿತ್ತು, ಅದೂ ಒಂದೇ ಉಸಿರಿಗೆ. ಶೆಡ್ಡಿನ ನಡುವೆ ಮಂಚದಷ್ಟು ಅಗಲದ ಕೆತ್ತನೆಯ ಯಂತ್ರ ಒಂದು ತಿಂಗಳಿನಿಂದ ಗೋಣಿಚೀಲ ಹೊದ್ದು ಮಲಗಿತ್ತು. ಇಳಕಲ್ಲಿನಲ್ಲಿ ಅಂಗಡಿ ಮುಚ್ಚಿದವನೊಬ್ಬನಿಂದ ಕೊಂಡು ತಂದದ್ದು. ನವಿಲು, ಬಳ್ಳಿ, ಆನೆ, ಏನು ಬೇಕಾದರೂ ಕೆತ್ತುತ್ತದೆ. ಆದರೆ ಕೆತ್ತು ಎಂದು ಅದಕ್ಕೆ ಹೇಳುವ ಸಾಫ್ಟ್‌ವೇರ್ ಲ್ಯಾಪ್‌ಟಾಪಿಗೆ ಇಳಿಯದೆ ಅದು ಬರೀ ಕಬ್ಬಿಣ. ಪೆನ್‌ಡ್ರೈವ್‌ನಲ್ಲಿ ಹಾಕಿ ಕಳಿಸಿರೆಂದು ಕೇಳಿದಾಗ ಕಂಪನಿಯ ಹುಡುಗಿ "ಈಗೆಲ್ಲಾ ಆನ್‌ಲೈನ್ ಸರ್" ಎಂದು ಫೋನ್ ಇಟ್ಟಿದ್ದಳು. ಸರ್ ಅಂತೆ. ಲ್ಯಾಪ್‌ಟಾಪನ್ನು ಬಗಲಿಗೆ ಹಾಕಿಕೊಂಡು ಎರಡು ಸಲ ರೋಣಕ್ಕೂ ಹೋಗಿಬಂದ. ಅಲ್ಲಿಯ ಕಂಪ್ಯೂಟರ್ ಅಂಗಡಿಯವನು ಎರಡು ಸಲವೂ ಅರ್ಧಕ್ಕೆ ಬಂದಾಗ ಶಟರ್ ಎಳೆದು "ನಾಳಿ ಬಾರಪಾ" ಅಂದ. ನಾಳೆ ಎಂದರೆ ಮತ್ತೆ ಸೊನ್ನೆಯಿಂದ. ಊರಲ್ಲಿ ರಾತ್ರಿ ಹಚ್ಚಿಡೋಣವೆಂದರೆ ಮುಶಿಗೇರಿಗೆ ಹತ್ತು ಗಂಟೆಯ ಮೇಲೆ ಕರೆಂಟು ಇರುತ್ತಿರಲಿಲ್ಲ. ಕರೆಂಟು ಹೋದರೆ ಟವರೂ ಸತ್ತಹಾಗೆ, ಬ್ಯಾಟರಿ ಕೆಟ್ಟ ಅವನ ಲ್ಯಾಪ್‌ಟಾಪೂ ಸತ್ತಹಾಗೆ.

ಈ ಯಂತ್ರದ ಹುಚ್ಚು ಅವನಿಗೆ ಸುಮ್ಮನೆ ಹತ್ತಿದ್ದಲ್ಲ. ಗಜೇಂದ್ರಗಡದ ಬಾಗಿಲಿನ ಅಂಗಡಿಯೊಂದರಲ್ಲಿ ಮೂರು ವರ್ಷ ದುಡಿದಿದ್ದ. ಹಲಗೆ ಹೊರುವುದು, ಮರದ ಹೊಟ್ಟು ಬಳಿಯುವುದು, ಇಷ್ಟೇ ಕೆಲಸ. ಯಂತ್ರ ನಡೆಸುವವನ ಬೆನ್ನ ಹಿಂದೆ ಕಸಬರಿಗೆ ಹಿಡಿದು ನಿಂತು, ಅವನು ಒತ್ತುವ ಒಂದೊಂದು ಗುಂಡಿಯನ್ನೂ ಕಣ್ಣಲ್ಲೇ ಕಲಿತ. ಒಂದು ದಿನ ಆ ಮನುಷ್ಯ ಬರದೆ ಯಂತ್ರ ನಿಂತಾಗ "ನಾ ಮಾಡ್ತೀನ್ರಿ" ಎಂದು ಮುಂದೆ ಬಂದ. ಮಾಲೀಕ ನಾಲ್ಕು ಗಿರಾಕಿಗಳ ಎದುರು ನಕ್ಕು, "ಕೈ ತಗಿ. ಎಂಟನೇತ್ತಾ ಓದಿದ ಕೈಗೆ ಕಸಬರಗಿ ಚಂದ" ಅಂದ. ಕಳಕೇಶ ಕಸಬರಿಗೆಯನ್ನು ಅವನ ಟೇಬಲ್ಲಿನ ಮೇಲೆಯೇ ಇಟ್ಟು ಬಸ್ಸು ಹತ್ತಿದ. ಆ ನಗು ಇವತ್ತಿಗೂ ಅವನ ಕಿವಿಯಲ್ಲಿ ಮರದ ಚಕ್ಕೆಯಂತೆ ಚುಚ್ಚುತ್ತಿತ್ತು.

ಮಧ್ಯಾಹ್ನದ ಹೊತ್ತಿಗೆ ಅಂದಾನೆಪ್ಪ ಸಾಹುಕಾರರು ಸ್ಕೂಟರಿನ ಮೇಲೆ ಬಂದರು. ಊರಿನಲ್ಲಿ ಎರಡು ಕೂರಿಗೆ ಬಿತ್ತುವಷ್ಟು ಎರೆಹೊಲ, ರೋಣದ ಪೇಟೆಯಲ್ಲಿ ಕಾಳಿನ ವ್ಯಾಪಾರ. ಅವರ ಹೊಸ ಮನೆಯ ತಲಬಾಗಿಲಿಗೆಂದು ತಂದ ಸಾಗವಾನಿ ಹಲಗೆಗಳು ತಿಂಗಳಿಂದ ಈ ಶೆಡ್ಡಿನಲ್ಲೇ ಒರಗಿದ್ದವು.

"ಏನಪಾ ಇಂಜಿನಿಯರ್, ನಿಮ್ಮ ಮಷೀನಿನ ಮದಿವಿ ಆತೋ, ಇನ್ನೂ ನಿಶ್ಚಯದಾಗ ಐತೋ?"

"ಇಳಿಯಾಕತ್ತೇತ್ರಿ ಸಾವ್ಕಾರ್ರ."

"ತಿಂಗಳ ತನಕ ಇಳಿಯೂದಂದ್ರ ಏನೋ ಮಾರಾಯ? ಬಾಂವ್ಯಾಗಿನ ಕೊಡಪಾನ ಆದ್ರೂ ಇಷ್ಟೊತ್ತಿಗೆ ಹತ್ತಿ ಇಳಿದು ಮತ್ತ ಹತ್ತತಿತ್ತು." ಸಾಹುಕಾರರು ಒಂದು ಹಲಗೆಯನ್ನು ಬೆರಳ ಗೆಣ್ಣಿನಿಂದ ಬಡಿದು ನೋಡಿದರು. "ನೋಡು ತಮ್ಮಾ, ನಾಳಿ ಎಳ್ಳಮಾಸಿ. ನಾಡದ ಮಧ್ಯಾಹ್ನ ಗೋಣೆಪ್ಪ ಟ್ರ್ಯಾಕ್ಟರ್ ತರ್ತಾನ. ಅಷ್ಟರಾಗ ಇದರ ಮ್ಯಾಲ ಒಂದು ನವಿಲಾರ ಎದ್ದಿರಬೇಕು. ಎದ್ದಿದ್ರ ಬಾಗ್ಲಾ ನಿಂದು. ಇಲ್ಲಾಂದ್ರ ಹಲಗಿ ಗಜೇಂದ್ರಗಡಕ್ಕ ಹೋಗ್ತಾವ."

ಯಾವ ಅಂಗಡಿಗೆ ಹೋಗುತ್ತವೆಂದು ಕಳಕೇಶ ಕೇಳಲಿಲ್ಲ. ಕೇಳುವುದು ಬೇಕಾಗಿರಲಿಲ್ಲ.

"ಮತ್ತ ನಾಳಿ ಚರಗಕ್ಕ ಹೊಲಕ್ಕ ಬಾ. ಬಡಿಗ್ಯಾರ ಕೈಯಿಂದ ಮೊದಲ ತುತ್ತು ಬೀಳಬೇಕು. ನಿಮ್ಮಪ್ಪ ಅಂತೂ ಇಲ್ಲ, ನೀನ ಬರಬೇಕು," ಎಂದು ಸ್ಕೂಟರ್ ಚಾಲೂ ಮಾಡಿದರು.

ಅಪ್ಪ ಸಣ್ಣಪ್ಪ ಗೋವಾದಲ್ಲಿ ಕಟ್ಟಡಗಳಿಗೆ ಸೆಂಟ್ರಿಂಗ್ ಹಲಗೆ ಬಡಿಯುತ್ತಿದ್ದ. ಅವ್ವನೂ ಅಲ್ಲೇ. ವಾರಕ್ಕೊಮ್ಮೆ ಫೋನ್ ಬರುತ್ತಿತ್ತು. ಕಳೆದ ಸಲ ಅಪ್ಪ ಹೆಚ್ಚು ಮಾತಾಡಿರಲಿಲ್ಲ: "ಎಳ್ಳಮಾಸಿ ತನಕ ನೋಡು. ಆಗದಿದ್ರ ಚೀಲಾ ಕಟ್ಟಿಕೊಂಡು ಇಲ್ಲಿ ಬಾ. ಇಲ್ಲಿ ಯಾರೂ ನವಿಲು ಕೇಳಂಗಿಲ್ಲ."

ಸಂಜೆ ಕಳಕೇಶ ಗೋಡೆಯ ಎದುರು ನಿಂತ. ಬಡಿಗನ ಮಗ, ಅಳತೆ ಬರೆದುಕೊಳ್ಳದೆ ಇರಲಾರ. ಈ ಒಂದು ತಿಂಗಳಲ್ಲಿ ನೆಟ್ಟಿನ ವೇಗವನ್ನೆಲ್ಲ ತಗಡಿನ ಮೇಲೆ ಪೆನ್ಸಿಲ್ಲಿನಲ್ಲಿ ಗೀಚಿದ್ದ. ಮುಂಜಾನೆ ಆರಕ್ಕೆ ಇನ್ನೂರು ಕೆಬಿ. ಮಧ್ಯಾಹ್ನ ತೊಂಬತ್ತು. ಸಂಜೆ ಏಳಕ್ಕೆ, ಊರಿನ ಕಟ್ಟೆಕಟ್ಟೆಯ ಮೇಲೆ ಫೋನು ಹೊತ್ತಿಕೊಂಡಾಗ, ಹದಿನೈದು. ಎಲ್ಲ ಹೀಗೇ. ನಡುವೆ ಒಂದೇ ಒಂದು ಅಂಕಿ ಬೇರೆಯದು: ಸಾವಿರದ ಎರಡು ನೂರು. ಅದು ಯಾವ ದಿನ? ನೆನಪಾಯಿತು. ಹಿರೇಮನೆಯ ಮುದುಕರು ತೀರಿಕೊಂಡು, ಅವರ ಮಣ್ಣಿಗೆ ಊರಿಗೆ ಊರೇ ಹೋಗಿದ್ದ ಎರಡು ತಾಸು. ಇವನೊಬ್ಬ ಹೋಗದೆ ಶೆಡ್ಡಿನಲ್ಲಿ ಕೂತದ್ದಕ್ಕೆ ಅಜ್ಜಿಯಿಂದ ಬೈಸಿಕೊಂಡಿದ್ದ.

ಪೆನ್ಸಿಲ್ ಕೈಯಲ್ಲೇ ನಿಂತಿತು. ನಾಳೆ ಎಳ್ಳ ಅಮಾವಾಸ್ಯೆ. ನಾಳೆ ಮುಶಿಗೇರಿಯಲ್ಲಿ ನಾಯಿಗಳನ್ನು ಬಿಟ್ಟರೆ ಯಾರೂ ಇರುವುದಿಲ್ಲ. ರೊಟ್ಟಿ, ಹೋಳಿಗೆ, ಎಣ್ಣೆಗಾಯಿ ಕಟ್ಟಿಕೊಂಡು ಟ್ರ್ಯಾಕ್ಟರು, ಬಂಡಿ ಹತ್ತಿ ಎಲ್ಲರೂ ಹೊಲಕ್ಕೆ ಹೋಗುತ್ತಾರೆ; ನಿಂತ ಜೋಳಕ್ಕೆ, ಕಡಲೆಗೆ ಎಡೆಯ ಚರಗ ಚೆಲ್ಲಿ, ಉಂಡು, ಹೊತ್ತು ಇಳಿದ ಮೇಲೆ ಬರುತ್ತಾರೆ. ಹೊಲಗಳೆಲ್ಲ ಹಳ್ಳದ ಆಚೆ. ಅಲ್ಲಿ ಹಿಡಿಯುವುದು ಬೇರೆ ಊರಿನ ಟವರ್.

"ಆಯೀ, ನಾಳಿ ನಾ ಚರಗಕ್ಕ ಬರಂಗಿಲ್ಲ."

ರೊಟ್ಟಿ ಬಡಿಯುತ್ತಿದ್ದ ಅಜ್ಜಿಯ ಕೈ ನಿಂತಿತು. "ಬರಂಗಿಲ್ಲಂದ್ರ? ಕೆಲಸಾ ಮಾಡ್ತೀಯೇನು? ಅಮಾಸಿ ದಿನ ಬಡಿಗ್ಯಾರ ಮನ್ಯಾಗ ಉಳಿ ಮುಟ್ಟಿದ್ದನ್ನ ನಾ ಈ ಎಪ್ಪತ್ತ ವರ್ಷದಾಗ ಕಂಡಿಲ್ಲ."

"ಉಳಿ ಮುಟ್ಟಂಗಿಲ್ಲಬೇ. ಕಂಪ್ಯೂಟರ್ ಹಚ್ಚಿ ಸುಮ್ನ ಕುಂಡ್ರತೀನಿ."

"ಅದನ್ನ ತಂದ ದಿನ ಏನಂದಿ? ಇನ್ನ ಮ್ಯಾಲ ಇದ ನನ್ನ ಉಳಿ ಅಂದಿಲ್ಲ?"

ಅಂದದ್ದು ಹೌದು. ಎದೆಯುಬ್ಬಿಸಿ ಅಂದಿದ್ದ. "ನಾಳಿ ಒಂದ ದಿನ ಅದು ಉಳಿ ಅಲ್ಲ," ಎಂದು ಎದ್ದುಹೋದ. ಹಿಂದಿನಿಂದ ರೊಟ್ಟಿ ಬಡಿಯುವ ಸದ್ದು ಮೊದಲಿಗಿಂತ ಜೋರಾಗಿ ಕೇಳಿತು.

ಮರುದಿನ ಒಂಬತ್ತರ ಹೊತ್ತಿಗೆ ಕೊನೆಯ ಟ್ರ್ಯಾಕ್ಟರ್ ಹೆಂಗಸರನ್ನೂ ಮಕ್ಕಳನ್ನೂ ತುಂಬಿಕೊಂಡು ಓಣಿ ದಾಟಿತು. ಅಡಿವೆವ್ವ ಮೊಣಕಾಲು ನೋವೆಂದು ಮನೆಯಲ್ಲೇ ಉಳಿದಿದ್ದಳು. ಕಳಕೇಶ ಫೋನನ್ನು ಶೆಡ್ಡಿನ ತೊಲೆಗೆ ಎತ್ತರದಲ್ಲಿ ಕಟ್ಟಿ, ಅದರಿಂದ ಲ್ಯಾಪ್‌ಟಾಪಿಗೆ ನೆಟ್ಟು ಕೊಟ್ಟು, ಆರನೇ ಸಲ ಹಚ್ಚಿದ. ನೂರ ಇಪ್ಪತ್ತು. ನಾನೂರು. ಬಂಡಿಗಳು ಹಳ್ಳ ದಾಟಿದ ಹಾಗೆಲ್ಲ ಅಂಕಿ ಏರಿತು. ಎಂಟು ನೂರು. ಸಾವಿರದ ಒಂದು ನೂರು! ಅವನು ಎದ್ದು ನಿಂತು ಬರಿದಾದ ಓಣಿಯನ್ನು ನೋಡಿದ. ಇಷ್ಟು ವರ್ಷ ಬೈದುಕೊಂಡೇ ಬಂದಿದ್ದ ಊರು ಇವತ್ತು ಮೊದಲ ಸಲ ಅವನ ಮಾತು ಕೇಳುತ್ತಿತ್ತು.

ಹನ್ನೆರಡು ಗಂಟೆಗೆ ಪಟ್ಟಿ ಎಂಬತ್ತೆಂಟಕ್ಕೆ ಬಂತು. ಅಷ್ಟರಲ್ಲಿ ಸಾಹುಕಾರರ ಡ್ರೈವರ್ ಗೋಣೆಪ್ಪ ಮೋಟರ್ ಸೈಕಲ್ಲಿನ ಮೇಲೆ ಬಂದು ಹಾರ್ನ್ ಒತ್ತಿದ.

"ಏ ಮಹಾರಾಯ, ಏಳೋ! ಸಾವ್ಕಾರ್ರು ಬಡಿಗ್ಯಾ ಬರದ ಚರಗಾ ಚೆಲ್ಲಂಗಿಲ್ಲ ಅಂತ ಕುಂತಾರ. ಮಂದಿ ಎಲ್ಲಾ ಹಸದು ಹೋಳಿಗಿ ನೋಡಿಕೋತ ಕುಂತೈತಿ. ಒಂದ ತಾಸಾತು ನನ್ನ ಹೊಟ್ಟಿ ನಿನಗ ಶಾಪಾ ಹಾಕಾಕತ್ತೈತಿ."

"ನಾ ಬರಂಗಿಲ್ಲಂತ ಹೇಳು."

"ನೀನ ಬಂದು ಹೇಳು. ಆಮ್ಯಾಲ ನಿನ್ನ ಬಾಗ್ಲಾ, ನಿನ್ನ ನವಿಲು, ಎರಡೂ ಹಾರಿ ಹೋಗ್ತಾವ."

ಕಳಕೇಶ ಪಟ್ಟಿ ನೋಡಿದ, ಗೋಣೆಪ್ಪನನ್ನು ನೋಡಿದ, ಹಲ್ಲು ಕಡಿದ. ಇಲ್ಲಿ ಅವನು ಮಾಡುವುದೇನೂ ಇರಲಿಲ್ಲ. ಅದು ತಾನೇ ಇಳಿಯುತ್ತದೆ. ಹೋಗಿ ಬರಲು ಮುಕ್ಕಾಲು ತಾಸು. "ಆಯೀ," ಎಂದು ಒಳಗೆ ಕೂಗಿದ, "ನಾ ಹಿಂಗ ಹೋಗಿ ಹಂಗ ಬರ್ತೀನಿ. ಶೆಡ್ಡಿನಾಗಿಂದು ಏನೂ ಯಾರೂ ಮುಟ್ಟಬಾರದು. ಕೇಳ್ತಿಲ್ಲೋ?"

"ಅಮಾಸಿ ದಿನ ಯಾರ ಮುಟ್ತಾರೋ? ಹೋಗು," ಅಂದಳು ಅಜ್ಜಿ.

ಹೊಲದಲ್ಲಿ ಬನ್ನಿಗಿಡದ ಕೆಳಗೆ ಸುಣ್ಣ ಹಚ್ಚಿದ ಐದು ಕಲ್ಲಿಗೆ ಪೂಜೆಯಾಗಿತ್ತು. ಅನ್ನ, ಸಜ್ಜೆರೊಟ್ಟಿ, ಪುಂಡಿಪಲ್ಯ ಎಲ್ಲ ಕಲಸಿದ ಬುಟ್ಟಿಯನ್ನು ಸಾಹುಕಾರರು ಅವನ ಕೈಗಿಟ್ಟರು. ಎದೆಮಟ್ಟ ಬಿಳಿಜೋಳದ ನಡುವೆ ಕಳಕೇಶ ದಾಪುಗಾಲು ಹಾಕಿದ. ಅವನ ಅಜ್ಜ ಮಾಡಿದ ಕೂರಿಗೆಯಿಂದ ಈ ಹೊಲ ಬಿತ್ತುತ್ತಿದ್ದ ಕಾಲವೊಂದಿತ್ತು; ಈಗ ಬಿತ್ತುವುದು ಟ್ರ್ಯಾಕ್ಟರು, ಆದರೂ ಮೊದಲ ತುತ್ತು ಬಡಿಗನದೇ. "ಹುಲ್ಲುಲ್ಲಿಗೋ!" ಎಂದು ಚರಗದ ಕೂಗು ಹಾಕಿ ಚೆಲ್ಲಿದ. ಸಿಟ್ಟಿಗೇ ಕೂಗಿದ್ದು, ಆದರೆ ದನಿ ಹಳ್ಳದ ತನಕ ಹೋಯಿತು. "ಭಪ್ಪರೇ, ಹಿಂಗ ಕೂಗಬೇಕು ನೋಡು," ಎಂದು ಸಾಹುಕಾರರು ಖುಷಿಯಾದರು. ಎಲೆಯ ಮುಂದೆ ಕೂರಿಸಿದರೂ ಕೂರದೆ, ಒಂದು ಹೋಳಿಗೆಯನ್ನು ಕೈಯಲ್ಲಿ ಹಿಡಿದುಕೊಂಡೇ ಗೋಣೆಪ್ಪನ ಗಾಡಿಯ ಕೀಲಿ ಕಸಿದುಕೊಂಡು ಓಡಿದ.

ಶೆಡ್ಡಿನಲ್ಲಿ ಊದುಬತ್ತಿಯ ವಾಸನೆ. ಗೋಡೆಯುದ್ದಕ್ಕೂ ಮಣೆಯ ಮೇಲೆ ಬಾಚಿ, ಉಳಿ, ಗರಗಸ, ರಂದಾ ಸಾಲಾಗಿ ಮಲಗಿದ್ದವು. ಎಲ್ಲಕ್ಕೂ ಮೂರು ಎಳೆ ವಿಭೂತಿ, ಮೇಲೊಂದು ಒಗೆದ ಬಿಳಿ ಬಟ್ಟೆ. ಸಾಲಿನ ಕೊನೆಗೆ ಬಟ್ಟೆಯ ಕೆಳಗೆ ಚೌಕಾಕಾರದ ಇನ್ನೊಂದು ಉಬ್ಬು, ಅದರಿಂದ ಗೋಡೆಯ ಪ್ಲಗ್ಗಿಗೆ ಹೋದ ತಂತಿ. ಕಳಕೇಶ ಬಟ್ಟೆ ಸರಿಸಿದ. ಮುಚ್ಚಿದ ಲ್ಯಾಪ್‌ಟಾಪಿನ ಬೆನ್ನ ಮೇಲೂ ಮೂರು ಎಳೆ ವಿಭೂತಿ, ನಡುವೆ ಕುಂಕುಮ.

"ಬಂದೇನು?" ಅಡಿವೆವ್ವ ಬಾಗಿಲಲ್ಲಿ ನಿಂತಿದ್ದಳು. ಮುಖದಲ್ಲಿ ಕೆಲಸ ಮುಗಿಸಿದ ನೆಮ್ಮದಿ. "ಪಾಪ, ನಿನ್ನ ಉಳಿ ಒಂದ ಕಣ್ಣು ತೆರಕೊಂಡ ಕುಂತಿತ್ತು. ಅದನ್ನೂ ಮಲಗಿಸಿದೆ."

ಅವನು ಮುಚ್ಚಳ ತೆರೆದ. ಕೆಂಪಕ್ಷರದ ಎರಡು ಸಾಲು.

ಕೈ ತಾನಾಗಿಯೇ ಉಳಿಯ ಕಡೆ ಹೋಯಿತು. ಅದರ ಮೇಲಿನ ವಿಭೂತಿ ಕಂಡು ಹಿಂದಕ್ಕೆ ಬಂತು. ಹೋಳಿಗೆಯನ್ನು ಯಂತ್ರದ ಮೇಲೆ ಇಟ್ಟು, ಲ್ಯಾಪ್‌ಟಾಪನ್ನು ಮೊದಲಿನ ಜಾಗಕ್ಕೆ ಇಟ್ಟು ಏಳನೇ ಸಲ ಹಚ್ಚಿದ. ಗಂಟೆ ಒಂದೂಕಾಲು. ಅಜ್ಜಿ ಇಣುಕಿ ನೋಡಿದಳು.

"ಏನಾತೋ?"

"ನೀ ಮುಚ್ಚಿದಿ, ಕಡೀತು. ಇನ್ನ ಸ್ವಲ್ಪ ಇತ್ತು. ಮತ್ತ ಮೊದಲಿಂದ."

ಅವಳು ಹೊಸ್ತಿಲ ಮೇಲೆ ಕೂತಳು. ಬಹಳ ಹೊತ್ತು ಆ ಪಟ್ಟಿಯನ್ನು ನೋಡಿದಳು. ಅಜ್ಜಿಯ ಕಣ್ಣಿಗೆ ಅಂಕಿ ಕಾಣುತ್ತಿರಲಿಲ್ಲ, ಹಸಿರು ಬೆಳೆಯುವುದು ಮಾತ್ರ ಕಾಣುತ್ತಿತ್ತು. "ಎಷ್ಟ ಆಗಬೇಕು?" "ಈ ತುದಿ ತನಕ." "ಮಂದಿ ಯಾವಾಗ ಬರ್ತಾರ?" "ಐದಕ್ಕ." ನಡುವೆ ಒಂದು ತಾಸಿಗೂ ಹೆಚ್ಚು ಕರೆಂಟು ಮಿಣಿಮಿಣಿ ಎಂದು ಟವರ್ ಮಂಕಾಯಿತು, ಕಡಿಯಲಿಲ್ಲ. ಅಜ್ಜಿ ಯಾವ ಯಾವ ದೇವರಿಗೆ ಏನೇನು ಬೇಡಿಕೊಂಡಳೋ.

ಐದಕ್ಕೆ ಪಟ್ಟಿ ಎಂಬತ್ತೊಂದು. ಹಳ್ಳದ ದಾರಿಯಲ್ಲಿ ಧೂಳೆದ್ದಿತು. ಮೊದಲ ಟ್ರ್ಯಾಕ್ಟರ್ ಓಣಿಗೆ ಬಂದಾಗ ವೇಗ ಆರು ನೂರಕ್ಕಿಳಿಯಿತು. ಆರಕ್ಕೆ ನೂರು. ಆರೂವರೆಗೆ, ಕಟ್ಟೆಯ ಮೇಲೆ ಹುಡುಗರು ಹೊಲದಲ್ಲಿ ತೆಗೆದ ವಿಡಿಯೋಗಳನ್ನೆಲ್ಲ ಊರಿಗೆ ಊರೇ ಹಂಚತೊಡಗಿದಾಗ, ಒಂಬತ್ತು. ಎಂಬತ್ತೆಂಟಕ್ಕೆ ಬಂದು ಪಟ್ಟಿ ಬಸವನಹುಳುವಾಯಿತು. ಹತ್ತಕ್ಕೆ ಕರೆಂಟು ಹೋಗುತ್ತದೆ.

ಕಳಕೇಶ ಕಟ್ಟೆಗೆ ಹೋದ. ಐದಾರು ಮಂದಿಯ ನಡುವೆ ಸಿದ್ದಾರೂಢ ಫೋನು ಹಿಡಿದು ಮಲಗಿದ್ದ. ರೋಣದಲ್ಲಿ ಡಿಗ್ರಿ ಮುಗಿಸಿ ಎರಡು ವರ್ಷದಿಂದ ಕಟ್ಟೆ ಕಾಯುತ್ತಿದ್ದ.

"ಲೇ, ಒಂದ ತಾಸು ಎಲ್ಲಾರೂ ನೆಟ್ ಬಂದ್ ಮಾಡ್ರಿ. ನಂದು ಡೌನ್‌ಲೋಡ್ ಐತಿ."

"ಓಹೋ, ಎಂಟನೇತ್ತಾ ಇಂಜಿನಿಯರ್ ಸಾಹೇಬ್ರು! ಟವರ್ ನಿಮ್ಮಜ್ಜ ಕೆತ್ತಿದ್ದೇನ್ರಿ?"

ಎಲ್ಲರೂ ನಕ್ಕರು. ಅದೇ ನಗು. ಕಳಕೇಶನ ಕೈ ಸಿದ್ದಾರೂಢನ ಕೊರಳಪಟ್ಟಿಗೆ ಹೋಗಿಯೇಬಿಟ್ಟಿತ್ತು.

"ಕಳಕೇಶಾ!"

ಅಡಿವೆವ್ವ ಬಂದಿದ್ದಳು. ಒಂದು ಕೈಯಲ್ಲಿ ವಿಭೂತಿಯ ಗಟ್ಟಿ ಇಟ್ಟ ತಟ್ಟೆ, ಸೆರಗಿನ ತುದಿಗೆ ಶೆಡ್ಡಿನ ಕೀಲಿ. "ಕೀಲಿ ಹಾಕೀನಿ. ಇನ್ನ ಮುಚ್ಚೂರ ಯಾರೂ ಇಲ್ಲ. ಕೈ ಬಿಡು ಅವನ್ನ. ಬ್ಯಾಟರಿ ಹಿಡದ ಬಾ, ಕತ್ತಲಾಗೇತಿ." ಆಮೇಲೆ ಸಿದ್ದಾರೂಢನ ಕಡೆ ತಿರುಗಿದಳು. "ತಮ್ಮಾ, ನೀ ಹುಟ್ಟಿದಾಗ ಮಲಗಿದ ತೊಟ್ಟಲಾ ಯಾರ ಮಾಡಿದ್ದು?"

"ನಿಮ್ಮನಿ ಅಜ್ಜಾರ ಅಲ್ಲೇನಮ್ಮಾ..." ಸಿದ್ದಾರೂಢ ಎದ್ದು ಕೂತ.

"ಹೂಂ. ಇವತ್ತ ಅಮಾಸಿ. ನಾವು ಉಳಿ ಬಾಚಿ ಎಲ್ಲಾ ಮಲಗಿಸೀವಿ. ನಿಮ್ಮ ಕೈಯಾನ ಸಾಮಾನ ಇದ ಅಲ್ಲೇನು? ಮುಂಜಾನಿಂದ ದುಡದೈತಿ. ಒಂದ ತಾಸು ಮಲಗಸು." ಅವನು ಹೂಂ ಅನ್ನುವ ಮೊದಲೇ ಫೋನಿನ ಬೆನ್ನಿಗೆ ಮೂರು ಎಳೆ ವಿಭೂತಿ ಬಿದ್ದಿತ್ತು. ವಿಭೂತಿ ಹಚ್ಚಿದ್ದನ್ನು ಮತ್ತೆ ಹೇಗೆ ತಿಕ್ಕುವುದು? ಸಿದ್ದಾರೂಢ ಪೆಚ್ಚು ಮೋರೆ ಹಾಕಿಕೊಂಡು ಫೋನು ಆರಿಸಿದ. ಉಳಿದವರು ತಾವಾಗಿಯೇ ತಮ್ಮ ಫೋನುಗಳನ್ನು ಮುಂದೆ ಚಾಚಿದರು.

ಬ್ಯಾಟರಿಯ ಬೆಳಕಿನಲ್ಲಿ ಅಜ್ಜಿ ಕುಂಟುತ್ತ ಮನೆಯಿಂದ ಮನೆಗೆ ಹೋದಳು. ಪ್ರತಿ ಮನೆಯ ಎದುರೂ ಮೊದಲು ಬಾಗಿಲನ್ನು ಮುಟ್ಟುತ್ತಿದ್ದಳು. ಕಳಕೇಶ ಹಿಂದೆ ಹಿಂದೆ. ಅವನಿಗೆ ಮೊದಲ ಸಲ ಆ ಬಾಗಿಲುಗಳು ಕಂಡವು: ಒಂದರಲ್ಲಿ ಕಮಲ, ಒಂದರಲ್ಲಿ ಗಿಳಿ, ಒಂದರಲ್ಲಿ ಬರೀ ಅಜ್ಜನ ಉಳಿಯ ಗುರುತು. ಪಕ್ಕದ ಓಣಿಯ ಮಕ್ತುಮಬಿ, ಮಗಳೊಂದಿಗೆ ವಿಡಿಯೋದಲ್ಲಿ ಮಾತಾಡುತ್ತಿದ್ದವಳು, "ವಿಭೂತಿ ಬ್ಯಾಡ ಅಡಿವೆವ್ವಾ, ಹಂಗ ಬಂದ್ ಮಾಡ್ತೀನಿ ತಗೋ," ಎಂದು ನಕ್ಕು ಆರಿಸಿದಳು.

ಕೊನೆಯದು ಸಾಹುಕಾರರ ಹಳೆಯ ವಾಡೆ. ಪಡಸಾಲೆಯಲ್ಲಿ ದೊಡ್ಡ ಟಿವಿ ನೆಟ್ಟಿನಿಂದಲೇ ಓಡುತ್ತಿತ್ತು.

"ಸಾವ್ಕಾರ್ರ, ಬಡಿಗ್ಯಾರ ಆಯ ಇನ್ನೂ ಬಂದಿಲ್ಲರಿ."

"ಆಯಾ?" ಅಂದಾನೆಪ್ಪ ಬೆರಗಾದರು. "ಏನಮ್ಮಾ, ಕೂರಿಗಿ ಹೋಗಿ ಹತ್ತ ವರ್ಷ ಆತು. ಸುಗ್ಗಿಗೆ ಬಡಿಗ್ಯಾಗ ಕಾಳ ಅಳಿಯೂ ಕಾಲ ಈಗೆಲ್ಲೈತಿ?"

"ಚರಗಕ್ಕ ಬಡಿಗ್ಯಾ ಬೇಕಂದ್ರ ಆಯಾನೂ ಕೊಡಬೇಕ್ರಿ. ಜ್ವಾಳ ಬ್ಯಾಡ. ಒಂದ ತಾಸು ಕೊಡ್ರಿ. ಟಿವಿ, ಫೋನು ಎಲ್ಲಾ."

ಸಾಹುಕಾರರು ಮುದುಕಿಯನ್ನು ನೋಡಿದರು, ಅವಳ ಹಿಂದೆ ಬೆವರಿ ನಿಂತ ಹುಡುಗನನ್ನು ನೋಡಿದರು. ಆಮೇಲೆ ರಿಮೋಟ್ ಒತ್ತಿದರು. ವಾಡೆ ಸುಮ್ಮನಾಯಿತು.

ಶೆಡ್ಡಿನ ಕೀಲಿ ತೆಗೆದಾಗ ತೊಂಬತ್ತು. ವೇಗ ಸಾವಿರದ ಮುನ್ನೂರು. ತೊಂಬತ್ತಾರು. ತೊಂಬತ್ತೊಂಬತ್ತಕ್ಕೆ ಬಂದು ಉಸಿರು ಹಿಡಿದು ನಿಂತಿತು, ಕಳಕೇಶನೂ ನಿಂತ. ಪಟ್ಟಿ ತುದಿ ಮುಟ್ಟಿತು. ತಾನಾಗಿಯೇ ಇನ್ನೊಂದು ಪಟ್ಟಿ ತೆರೆದು ಓಡಿತು. ಎಂಟೂಕಾಲಿಗೆ ಪರದೆಯ ಮೇಲೆ ಹೊಸ ಹಾಳೆಯೊಂದು ಬೆಳ್ಳಗೆ ಬಿಡಿಸಿಕೊಂಡಿತು. ಪಕ್ಕದಲ್ಲಿ ಸಾಲು ಸಾಲು ಚಿತ್ರ, ಮೂರನೆಯದು ನವಿಲು.

"ಆತ್ರೆವ್ವಾ, ತಗೀರಿ!" ಅಜ್ಜಿ ಓಣಿಗೆ ಮುಖ ಮಾಡಿ ಕೂಗಿದಳು. ಕತ್ತಲಲ್ಲಿ ಒಂದೊಂದೇ ಫೋನು ಹೊತ್ತಿಕೊಂಡವು.

ಯಂತ್ರದ ಮೇಲಿನ ಗೋಣಿಚೀಲವನ್ನು ಕಳಕೇಶ ಎಳೆದು ಒಗೆದ. ಸಾಗವಾನಿಯ ಹಲಗೆಯೊಂದನ್ನು ಒಬ್ಬನೇ ಎತ್ತಿ ತಂದು ಮಲಗಿಸಿದ. ನಾಳೆ ಮಧ್ಯಾಹ್ನದ ಒಳಗೆ. ಕರೆಂಟು ಹೋಗಲು ಇನ್ನೂ ಒಂದೂಮುಕ್ಕಾಲು ತಾಸು ಇತ್ತು. ಬೆರಳು ಗುಂಡಿಯ ಮೇಲೆ ಬಂದು ನಿಂತಿತು. ಬಾಗಿಲಲ್ಲಿ ಅಜ್ಜಿ ಬೇಡ ಅನ್ನಲಿಲ್ಲ, ಮಾಡು ಅನ್ನಲಿಲ್ಲ. ಮೊಣಕಾಲು ತಿಕ್ಕಿಕೊಳ್ಳುತ್ತ ಅತ್ತ ನೋಡುತ್ತಿದ್ದಳು.

ಅವನು ಮುಚ್ಚಳವನ್ನು ಮೆಲ್ಲಗೆ ಮುಚ್ಚಿದ. ವಿಭೂತಿ ಒಂದಿಷ್ಟು ಅಳಿಸಿತ್ತು. ಲ್ಯಾಪ್‌ಟಾಪನ್ನು ಒಯ್ದು ಗರಗಸದ ಪಕ್ಕದಲ್ಲಿ ಮಲಗಿಸಿ, ಬಿಳಿ ಬಟ್ಟೆಯನ್ನು ಎಳೆದ.

"ಕೋಳಿ ಕೂಗೂದ್ರಾಗ ಎಬ್ಬಸಬೇ ಆಯಿ," ಅಂದ.

ಆಮೇಲೆ ಏನೋ ನೆನಪಾದವನಂತೆ ಕಿವಿಯ ಮೇಲಿನ ಪೆನ್ಸಿಲ್ ತೆಗೆದು, ಬಗ್ಗಿ, ಅದನ್ನೂ ಬಟ್ಟೆಯ ಕೆಳಗೆ ಸರಿಸಿದ.